ಕಡಲ ಮೊಲ: ಕೇಳಿದವರು, ಕಂಡವರು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಹಟಮಾರಿಯನ್ನು ಹಾಸ್ಯಮಾಡಲು ನಾವು ಅದನ್ನು ಬಳಸುತ್ತೇವೆ. ಆದರೆ ಗಾದೆಯ ಆ ಹಟಗಾರನಲ್ಲಿ ಒಂದು ಗುಣವನ್ನಾದರೂ ಮೆಚ್ಚಬೇಕು: ಅವನು ಮೊಲವನ್ನು ಹಿಡಿದಿದ್ದಾನೆ. ಹಿಡಿಯದ, ಕಾಣದ ಮೊಲಕ್ಕೆ ಕಾಲೆಣಿಸುವವರ ಸಂಖ್ಯೆ ಲೋಕದಲ್ಲಿ ಇನ್ನೂ ದೊಡ್ಡದು. ಅಂಥವರು ಎಣಿಸಿದ ಲೆಕ್ಕವನ್ನು ಎರಡು ಸಾವಿರ ವರ್ಷಗಳ ಕಾಲ ಹೊತ್ತು ತಿರುಗಿದ ಒಂದು ಬಡಪ್ರಾಣಿ ಉಂಟು. ಅದರ ಹೆಸರು ಕಡಲ ಮೊಲ. ಅದರ ಚರಿತ್ರೆಯನ್ನು ಬರೆಯಹೊರಟರೆ ಅದು ಆ ಪ್ರಾಣಿಯ ಚರಿತ್ರೆಗಿಂತ ಹೆಚ್ಚಾಗಿ ಮನುಷ್ಯನ ಚರಿತ್ರೆಯೇ ಆಗುತ್ತದೆ. ಅವನು ಕೇಳಿದ್ದನ್ನು ನಂಬಿದ ಬಗೆ, ಕಂಡದ್ದನ್ನು ಕಲಿತ ಬಗೆ ಎರಡೂ ಅದರಲ್ಲಿ ತೋರುತ್ತವೆ.

ಕಡಲ ಮೊಲವೆಂದರೆ ಮೊಲವೂ ಅಲ್ಲ, ಮೀನೂ ಅಲ್ಲ. ಮಳೆಗಾಲದಲ್ಲಿ ನಮ್ಮ ಹಿತ್ತಲುಗಳಲ್ಲಿ ಹರಿದಾಡುವ ಬಸವನಹುಳುವಿನ ದೂರದ ನೆಂಟ ಅದು. ಬಸವನಹುಳು ಬೆನ್ನಮೇಲೆ ಹೊರುವ ಚಿಪ್ಪು ಇದರಲ್ಲಿ ಸವೆದು, ತೆಳ್ಳಗಾಗಿ, ಬೆನ್ನಿನ ಚರ್ಮದೊಳಗೆ ಅಡಗಿಹೋಗಿದೆ. ಮೈ ಮೆತ್ತಗೆ, ಬಣ್ಣ ಕಂದು ಅಥವಾ ಪಾಚಿಹಸಿರು, ಕೆಲವು ಜಾತಿಗಳಲ್ಲಿ ಕಪ್ಪು. ಗೇಣುದ್ದದವು ಸಾಮಾನ್ಯ, ಮೊಳದುದ್ದ ಬೆಳೆಯುವವೂ ಉಂಟು. ತಲೆಯ ಮೇಲೆ ಸುರುಳಿಗೊಂಡ ಎರಡು ಕುಡಿಗಳು ನೆಟ್ಟಗೆ ನಿಂತಿರುತ್ತವೆ. ಅವು ನೀರಿನಲ್ಲಿ ವಾಸನೆಯನ್ನು ತಿಳಿಯುವ ಅಂಗಗಳು. ಆದರೆ ನೋಡುವವರ ಕಣ್ಣಿಗೆ ಕುಳಿತ ಮೊಲದ ಕಿವಿಗಳಂತೆ ತೋರುತ್ತವೆ. ಗ್ರೀಕರೂ ರೋಮನರೂ ಅದನ್ನು ಮೊಲವೆಂದು ಕರೆದದ್ದು ಈ ಹೋಲಿಕೆಯಿಂದಲೇ ಇರಬೇಕು. ನಮ್ಮ ತಾರ್ಕಿಕರು ಲೋಕದಲ್ಲಿ ಇಲ್ಲದ ವಸ್ತುವಿಗೆ ಉದಾಹರಣೆಯಾಗಿ ಶಶವಿಷಾಣವನ್ನು, ಎಂದರೆ ಮೊಲದ ಕೊಂಬನ್ನು, ಹೇಳುತ್ತಾರೆ. ಈ ಮೊಲಕ್ಕೆ ಆ ಕೊಂಬೂ ಇದೆ ಎಂದರೆ ಅವರು ಮುನಿಯಲಾರರು. ಕಡಲ ಪಾಚಿಯನ್ನು ಮೇಯುವುದು ಇದರ ಕಸುಬು. ಬೆದರಿಸಿದರೆ ನೇರಳೆಬಣ್ಣದ ಮಸಿಯನ್ನು ನೀರಿಗೆ ಸುರಿಯುತ್ತದೆ. ಕಚ್ಚುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ, ಓಡುವುದಂತೂ ಇಲ್ಲವೇ ಇಲ್ಲ.

ಇಷ್ಟು ಸಾಧುವಾದ ಪ್ರಾಣಿ ಪ್ರಾಚೀನರ ಗ್ರಂಥಗಳಲ್ಲಿ ಕಾಲಕೂಟವಾಗಿ ಕುಳಿತಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಕವಿ ನಿಕಾಂಡರನು ವಿಷಗಳನ್ನೂ ಪ್ರತಿವಿಷಗಳನ್ನೂ ಕುರಿತು ಬರೆದ ಕಾವ್ಯದಲ್ಲಿ ಕಡಲ ಮೊಲಕ್ಕೂ ಜಾಗ ದೊರೆತಿದೆ. ಕ್ರಿಸ್ತಶಕ ಒಂದನೆಯ ಶತಮಾನದ ವೈದ್ಯ ಡಯಾಸ್ಕೊರಿಡೀಸನು ಇದನ್ನು ಅರೆದು ಹಚ್ಚಿದರೆ ಕೂದಲು ಉದುರುತ್ತದೆ ಎಂದು ಬರೆದ. ಅದೇ ಶತಮಾನದ ಪ್ಲಿನಿ ಇನ್ನೂ ಮುಂದೆ ಹೋದ. ಮೂವತ್ತೇಳು ಸಂಪುಟಗಳ ತನ್ನ ನಿಸರ್ಗಚರಿತ್ರೆಯಲ್ಲಿ ಅವನು ಹೇಳುವಂತೆ, ಗರ್ಭಿಣಿಯು ಇದನ್ನು ನೋಡಿದ ಮಾತ್ರಕ್ಕೆ ಗರ್ಭಸ್ರಾವವಾಗುತ್ತದೆ. ಇದರ ವಿಷ ತಗಲಿದವರ ಮೈ ಮೀನಿನ ವಾಸನೆ ಬೀರುತ್ತದೆ.

ಪ್ಲಿನಿಯ ಬರಹದಲ್ಲಿ ನಮ್ಮ ದೇಶದ ಮಾತೂ ಬರುತ್ತದೆ. ರೋಮನರ ಕಡಲಿನ ಮೊಲವು ಆಕಾರವಿಲ್ಲದ ಒಂದು ಮುದ್ದೆ, ಬಣ್ಣದಲ್ಲಿ ಮಾತ್ರ ಮೊಲದಂತೆ. ಆದರೆ ಭಾರತದ ಕಡಲಿನ ಮೊಲವು ಗಾತ್ರದಲ್ಲಿಯೂ ಕೂದಲಿನಲ್ಲಿಯೂ ಮೊಲವನ್ನೇ ಹೋಲುತ್ತದೆ, ಕೂದಲು ಸ್ವಲ್ಪ ಒರಟು ಅಷ್ಟೆ. ಅದನ್ನು ಮುಟ್ಟಿದರೆ ಸಾಕು, ವಾಂತಿಯಾಗಿ ಹೊಟ್ಟೆ ಕೆಡುತ್ತದೆ. ಅದನ್ನು ಜೀವಂತವಾಗಿ ಹಿಡಿಯುವುದು ಆಗದ ಮಾತು. ಏಕೆಂದರೆ ಮನುಷ್ಯನಿಗೆ ಅದು ಹೇಗೆ ವಿಷವೋ ಹಾಗೆಯೇ ಅದಕ್ಕೆ ಮನುಷ್ಯನೂ ವಿಷ, ಅವನ ಬೆರಳು ಸೋಕಿದರೆ ಅದು ಸಾಯುತ್ತದೆ. ಹೀಗೆಂದು ಪ್ಲಿನಿ ಬರೆದಿದ್ದಾನೆ. ಅವನು ಭಾರತವನ್ನು ಕಂಡವನಲ್ಲ. ಆ ಕಾಲದಲ್ಲಿ ಕೆಂಪು ಸಮುದ್ರದ ದಾರಿಯಾಗಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮೆಣಸು ಕೊಂಡೊಯ್ಯುತ್ತಿದ್ದ ಹಡಗುಗಳು ಸರಕಿನೊಡನೆ ಕಥೆಗಳನ್ನೂ ಹೇರಿಕೊಂಡು ಹೋಗಿರಬೇಕು. ದೂರದ ಊರಿನ ವಿಷ ಯಾವಾಗಲೂ ಹತ್ತಿರದ ವಿಷಕ್ಕಿಂತ ಘೋರವಾಗಿರುತ್ತದೆ. ಈ ಪ್ಲಿನಿಯೇ ಕ್ರಿ.ಶ. ೭೯ರಲ್ಲಿ ವೆಸೂವಿಯಸ್ ಬೆಟ್ಟ ಬೆಂಕಿಯುಗುಳಿದಾಗ ಅತ್ತ ಹಡಗು ನಡೆಸಿ ಪ್ರಾಣ ಕಳೆದುಕೊಂಡ. ಕಣ್ಣಾರೆ ಕಾಣುವ ಆಸೆ ಅವನಿಗೆ ಇರಲಿಲ್ಲವೆಂದು ಹೇಳಲಾಗದು. ಆದರೆ ಲೋಕದ ಸಮಸ್ತವನ್ನೂ ಬರೆಯಲು ಹೊರಟವನಿಗೆ ಪ್ರತಿಯೊಂದನ್ನೂ ನೋಡಲು ಆಯುಷ್ಯ ಸಾಲದು.

ವಿಷವೆಂಬ ಹೆಸರು ಬಂದ ಮೇಲೆ ಅದನ್ನು ರಾಜರ ಅರಮನೆಗೆ ತರದೆ ಬಿಡುವರೇ? ಮುಂದೆ ಫಿಲೋಸ್ಟ್ರಾಟಸನು ತನ್ನ ಗ್ರಂಥದಲ್ಲಿ, ನೀರೋ ಚಕ್ರವರ್ತಿ ತನ್ನ ವೈರಿಗಳನ್ನು ಕೊಲ್ಲಲು ಕಡಲ ಮೊಲವನ್ನು ಬಳಸಿದನೆಂದೂ, ಕ್ರಿ.ಶ. ೮೧ರಲ್ಲಿ ತೀರಿಕೊಂಡ ಟೈಟಸ್ ಚಕ್ರವರ್ತಿಗೆ ತಮ್ಮನಾದ ಡೊಮಿಶಿಯನನೇ ಇದನ್ನು ಉಣ್ಣಿಸಿದನೆಂದೂ ಬರೆದ. ಟೈಟಸನು ಜ್ವರದಿಂದ ಸತ್ತನೆಂದು ಹೇಳುವ ಚರಿತ್ರಕಾರರೂ ಇದ್ದಾರೆ. ಆದರೆ ಜ್ವರದ ಕಥೆಗಿಂತ ವಿಷದ ಕಥೆ ಕಿವಿಗೆ ಹಿತ. ಆದುದರಿಂದ ಅದೇ ಉಳಿಯಿತು.

ಇಂಥ ಪ್ರಾಣಿಯ ಹೆಸರು ಒಬ್ಬನ ತಲೆಯ ಮೇಲೆ ಕತ್ತಿಯಾಗಿ ತೂಗಿದ ಪ್ರಸಂಗವೊಂದುಂಟು. ಕ್ರಿ.ಶ. ೧೫೮ ಅಥವಾ ೧೫೯ರಲ್ಲಿ, ಇಂದಿನ ಲಿಬಿಯ ದೇಶದ ಕಡಲತಡಿಯ ಸಬ್ರಾಥಾ ಪಟ್ಟಣದಲ್ಲಿ, ರೋಮನ್ ಪ್ರಾಂತಾಧಿಪತಿ ಕ್ಲಾಡಿಯಸ್ ಮ್ಯಾಕ್ಸಿಮಸನ ಎದುರಿಗೆ ಒಂದು ಮೊಕದ್ದಮೆ ನಡೆಯಿತು. ಆರೋಪಿಯ ಹೆಸರು ಅಪುಲಿಯಸ್. ಕತ್ತೆಯಾಗಿ ಮಾರ್ಪಟ್ಟ ಮನುಷ್ಯನ ಕಥೆಯನ್ನು ಹೇಳುವ ಪ್ರಸಿದ್ಧ ಲ್ಯಾಟಿನ್ ಕಾದಂಬರಿಯ ಕರ್ತೃ ಇವನೇ. ಇಂದಿನ ಟ್ರಿಪೊಲಿಯಾಗಿರುವ ಓಯಾ ಪಟ್ಟಣದಲ್ಲಿ ತಂಗಿದ್ದಾಗ ಇವನು ತನಗಿಂತ ಹಿರಿಯಳಾದ ಪುಡೆಂಟಿಲಾ ಎಂಬ ಸಿರಿವಂತ ವಿಧವೆಯನ್ನು ಮದುವೆಯಾದ. ಅವಳ ಆಸ್ತಿ ಕೈತಪ್ಪಿತೆಂದು ನೆಂಟರು ಕೆರಳಿದರು. ಅಷ್ಟು ವರ್ಷ ಒಂಟಿಯಾಗಿದ್ದ ಹೆಂಗಸು ಹೀಗೆ ಮನಸ್ಸು ಬದಲಿಸಬೇಕಾದರೆ ಮಾಟವಲ್ಲದೆ ಮತ್ತೇನು ಎಂಬುದು ಅವರ ವಾದ. ಮಾಟದ ಅಪರಾಧ ರುಜುವಾತಾದರೆ ಮರಣದಂಡನೆಯಾಗಬಹುದಾಗಿತ್ತು.

ಆರೋಪಪಟ್ಟಿಯನ್ನು ಇಂದು ಓದಿದರೆ ನಗು ಬರುತ್ತದೆ. ಅವನ ಬಳಿ ಕನ್ನಡಿಯಿದೆ. ಅವನು ಗೆಳೆಯನಿಗೆ ಹಲ್ಲುಪುಡಿಯ ಮೇಲೆ ಪದ್ಯ ಬರೆದು ಕಳಿಸಿದ್ದಾನೆ. ಬೆಸ್ತರಿಗೆ ಹಣ ಕೊಟ್ಟು ವಿಚಿತ್ರ ಮೀನುಗಳನ್ನು ತರಿಸುತ್ತಾನೆ, ಅವುಗಳಲ್ಲಿ ಕಡಲ ಮೊಲವೂ ಒಂದು. ಈ ಕೊನೆಯ ಮಾತು ಮಾತ್ರ ನಗುವಂಥದಲ್ಲ. ಕಡಲ ಮೊಲವೆಂದರೆ ವಿಷ; ವಿಷ ತರಿಸುವವನು ಮಾಟಗಾರ; ಮಾಟಗಾರನಿಗೆ ಸಾವು. ಸರಪಣಿಯ ಮೊದಲ ಕೊಂಡಿಯನ್ನು ಯಾರೂ ಪರೀಕ್ಷಿಸಿರಲಿಲ್ಲ.

ಅಪುಲಿಯಸನು ತನ್ನ ಪರವಾಗಿ ತಾನೇ ವಾದಿಸಿದ. ಆ ಭಾಷಣ ಇಂದಿಗೂ ಉಳಿದಿದೆ. ತಾನು ಮೀನುಗಳನ್ನು ಹುಡುಕಿಸುವುದು ನಿಜ, ಬೆಸ್ತರಿಗಷ್ಟೇ ಅಲ್ಲ, ಗೆಳೆಯರಿಗೂ ಹೇಳಿದ್ದೇನೆ; ಅರಿಯದ ಜಾತಿ ಸಿಕ್ಕಿದರೆ ಜೀವಂತವಾಗಿಯೋ ಸತ್ತದ್ದನ್ನೋ ತಂದು ತೋರಿಸಿ ಎಂದು ಕೇಳಿಕೊಂಡಿದ್ದೇನೆ; ಅರಿಸ್ಟಾಟಲನು ಮಾಡಿದ ಕೆಲಸವನ್ನೇ ನಾನೂ ಮಾಡುತ್ತಿದ್ದೇನೆ ಎಂದು ಅವನು ಒಪ್ಪಿಕೊಂಡ. ಆದರೆ ವೈದ್ಯ ಬಲ್ಲ ತನ್ನ ಆಳು ಥೆಮಿಸನ್ ತಂದ ಪ್ರಾಣಿ ಕಡಲ ಮೊಲವಲ್ಲ, ಬೇರೆಯದೇ ಒಂದು ಎಂದು ಸಾಧಿಸಿದ. ಅದನ್ನು ಕೊಯ್ದು ನೋಡಿದಾಗ ಕಂಡ ವಿಚಿತ್ರವನ್ನೂ ನ್ಯಾಯಸ್ಥಾನಕ್ಕೆ ತಿಳಿಸಿದ: ಮೈಯಲ್ಲಿ ಎಲ್ಲಿಯೂ ಮೂಳೆಯಿಲ್ಲ, ಹೊಟ್ಟೆಯಲ್ಲಿ ಮಾತ್ರ ಹಂದಿಯ ಕಾಲಗಂಟಿನ ಮೂಳೆಯನ್ನು ಹೋಲುವ ಹನ್ನೆರಡು ತುಂಡುಗಳು ಸರದಂತೆ ಕೂಡಿಕೊಂಡಿವೆ, ಇದು ಅರಿಸ್ಟಾಟಲನಿಗೆ ತಿಳಿದಿದ್ದರೆ ಅವನು ಬರೆಯದೆ ಬಿಡುತ್ತಿರಲಿಲ್ಲ.

ಈ ಕಥೆಯ ಸ್ವಾರಸ್ಯವೆಲ್ಲ ಇಲ್ಲಿದೆ. ಕಡಲ ಮೊಲದ ಜಠರವನ್ನು ಇಂದಿನ ಯಾವ ವಿದ್ಯಾರ್ಥಿ ಕೊಯ್ದರೂ ಕಾಣುವುದು ಇದೇ. ಪಾಚಿಯನ್ನು ಅರೆಯಲು ಅದರಲ್ಲಿ ಸುಮಾರು ಹನ್ನೆರಡು ಗಟ್ಟಿ ಹಲ್ಲುಗಳು ಸುತ್ತಲೂ ಸಾಲಾಗಿ ಜೋಡಿಸಿಕೊಂಡಿರುತ್ತವೆ. ಅವು ಮೂಳೆಯಲ್ಲ ಎಂಬುದೊಂದನ್ನು ಬಿಟ್ಟರೆ ಅಪುಲಿಯಸನ ವರ್ಣನೆ ಚಾಚೂ ತಪ್ಪಿಲ್ಲ. ಎಂದರೆ, ಕಡಲ ಮೊಲವಲ್ಲವೆಂದು ಅವನು ಆಣೆಯಿಟ್ಟಂತೆ ಹೇಳಿದ ಪ್ರಾಣಿ ಕಡಲ ಮೊಲವೇ ಆಗಿತ್ತೆಂದು ತೋರುತ್ತದೆ. ಅವನು ಬೇಕೆಂದೇ ಮರೆಮಾಚಿದನೋ, ಗ್ರಂಥಗಳಲ್ಲಿ ಓದಿದ ಘೋರ ವಿಷಜಂತುವಿಗೂ ತನ್ನ ಮುಂದಿನ ಮೇಜಿನ ಮೇಲಿದ್ದ ಮೆತ್ತನೆಯ ಪ್ರಾಣಿಗೂ ಹೊಂದಿಕೆ ಕಾಣದೆ ಬೇರೆಯೆಂದು ನಂಬಿದನೋ ಹೇಳುವವರಾರು? ಎರಡನೆಯದೇ ನಿಜವಾಗಿದ್ದರೆ ಅದಕ್ಕಿಂತ ಪಾಠವಾದ ಸಂಗತಿ ಇನ್ನಿಲ್ಲ. ಪುಸ್ತಕದ ಮೊಲವನ್ನು ನಂಬಿದವನಿಗೆ ಕೈಯಲ್ಲಿದ್ದ ಮೊಲದ ಗುರುತು ಸಿಗಲಿಲ್ಲ. ತೀರ್ಪಿನ ದಾಖಲೆ ಉಳಿದಿಲ್ಲ; ಆದರೆ ಅನಂತರದ ವರ್ಷಗಳಲ್ಲಿ ಅಪುಲಿಯಸನು ಕಾರ್ಥೇಜ್ ನಗರದಲ್ಲಿ ಮಾನ್ಯ ವಾಗ್ಮಿಯಾಗಿ ಬಾಳಿದನಾದುದರಿಂದ ಬಿಡುಗಡೆ ಹೊಂದಿದನೆಂದೇ ತಿಳಿಯಬೇಕು.

ಮನುಷ್ಯ ಬಿಡುಗಡೆ ಹೊಂದಿದ, ಪ್ರಾಣಿ ಹೊಂದಲಿಲ್ಲ. ೧೫೫೪ರಲ್ಲಿ ಫ್ರಾನ್ಸಿನ ರೊಂಡೆಲೆಟ್ ತನ್ನ ಮೀನುಗಳ ಗ್ರಂಥದಲ್ಲಿ ಇದರ ಚಿತ್ರ ಬರೆಯಿಸಿದ. ೧೭೬೧ರಲ್ಲಿ ಪ್ರಾಗ್ ನಗರದ ವಿದ್ವಾಂಸ ಬೊಹಾಡ್ಷ್ ಕಡಲಪ್ರಾಣಿಗಳನ್ನು ಕುರಿತ ಪುಸ್ತಕವೊಂದನ್ನು ಪ್ರಕಟಿಸಿದ. ಇವನು ಇಟಲಿಯ ಕಡಲತೀರದಲ್ಲಿ ಪ್ರಾಣಿಯನ್ನು ಜೀವಂತವಾಗಿ ತಂದಿಟ್ಟುಕೊಂಡು ನೋಡಿದವನು. ಆದರೂ ಅದನ್ನು ಮುಟ್ಟಿದಾಗ ಕೈಯೂ ಕೆನ್ನೆಯೂ ಊದಿದವೆಂದೂ ಗಡ್ಡದ ಕೂದಲು ಉದುರಿತೆಂದೂ ಬರೆದ. ಜೀವಿಗಳಿಗೆಲ್ಲ ನಾಮಕರಣ ಮಾಡಿದ ಸ್ವೀಡನ್ನಿನ ಲಿನೇಯಸ್ ೧೭೬೭ರಲ್ಲಿ ಇದಕ್ಕೆ ಇಟ್ಟ ಕುಲನಾಮವು ಅಪ್ಲೀಸಿಯಾ ಎಂಬ ರೂಪದಲ್ಲಿ ನೆಲೆಗೊಂಡಿತು. ತೊಳೆದರೂ ಹೋಗದ್ದು ಎಂದು ಅದರ ಅರ್ಥ. ೧೭೯೧ರ ಆವೃತ್ತಿಯಲ್ಲಿ ಗ್ಮೆಲಿನನಿಂದ ಸ್ಥಿರವಾದ ಜಾತಿನಾಮವೊಂದು ಡೆಪಿಲಾನ್ಸ್, ಕೂದಲು ಉದುರಿಸುವುದು. ಡಯಾಸ್ಕೊರಿಡೀಸನ ಮಾತು ಹದಿನೇಳು ಶತಮಾನ ಸಾಗಿಬಂದು ವಿಜ್ಞಾನದ ಹೆಸರಿನಲ್ಲಿ ಕಲ್ಲಾಗಿ ಕುಳಿತಿತು. ಇಂದಿಗೂ ಆ ಹೆಸರು ಅಳಿದಿಲ್ಲ. ತೊಳೆದರೂ ಹೋಗದ್ದು ಕಳಂಕವೇ ಹೊರತು ಪ್ರಾಣಿಯಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ೧೮೦೩ರಲ್ಲಿ ಕುವಿಯೇ ಇದರ ಅಂಗಾಂಗಗಳನ್ನು ಕೊಯ್ದು ವಿವರವಾಗಿ ಬರೆದ. ೧೮೨೮ರಲ್ಲಿ ರಾಂಗ್ ಈ ವಂಶಕ್ಕೇ ಮೀಸಲಾದ ಒಂದು ಗ್ರಂಥವನ್ನು ಹೊರತಂದ. ೧೮೩೨ರ ಜನವರಿಯಲ್ಲಿ, ಬೀಗಲ್ ಹಡಗಿನ ಯಾತ್ರೆಯ ಮೊದಲ ನಿಲ್ದಾಣದಲ್ಲಿ, ಕೇಪ್ ವರ್ಡ್ ದ್ವೀಪಗಳ ಸೇಂಟ್ ಜಾಗೊ ತೀರದಲ್ಲಿ ಇಪ್ಪತ್ತೆರಡರ ತರುಣ ಚಾರ್ಲ್ಸ್ ಡಾರ್ವಿನ್ ಇದನ್ನು ಕಂಡ. ಐದಂಗುಲದ ಹಳದಿ ಮೈ, ನೇರಳೆ ಗೆರೆಗಳು; ಕಲ್ಲುಗಳ ನಡುವಿನ ನವುರಾದ ಪಾಚಿ ಇದರ ಆಹಾರ; ಕೆಣಕಿದರೆ ಸುತ್ತಲಿನ ಒಂದಡಿ ನೀರು ಕೆನ್ನೇರಳೆಯಾಗುತ್ತದೆ; ಮೈಮೇಲಿನ ರಸ ಚುರುಚುರು ಎನ್ನುತ್ತದೆ. ಡಾರ್ವಿನ್ ಬರೆದದ್ದು ಇಷ್ಟೇ. ಗರ್ಭಿಣಿಯರ ಮಾತಿಲ್ಲ, ಚಕ್ರವರ್ತಿಗಳ ಮಾತಿಲ್ಲ. ಚುರುಚುರು ಎಂದದ್ದನ್ನು ಚುರುಚುರು ಎಂದೇ ಬರೆದ, ಸಾವು ಎಂದು ಬರೆಯಲಿಲ್ಲ.

ಪ್ರಾಣಿಯ ಮೈಯನ್ನು ತಿಳಿದದ್ದಾಯಿತು. ಬಾಳನ್ನು ತಿಳಿಯುವುದು ಇನ್ನೂ ಬಾಕಿಯಿತ್ತು. ಯೂರೋಪಿನ ತೀರಗಳಲ್ಲಿ ಕಡಲ ಮೊಲಗಳ ಬರವುಹೋಗುವಿಕೆ ಒಂದು ಒಗಟಾಗಿತ್ತು. ವಸಂತ ಕಳೆದು ಬೇಸಗೆ ಬಂತೆಂದರೆ, ನಿನ್ನೆ ಒಂದೂ ಇಲ್ಲದ ಬಂಡೆಗಳ ನಡುವೆ ಇಂದು ಹತ್ತಾರು, ಕೆಲವು ವರ್ಷ ನೂರಾರು. ಎಲ್ಲವೂ ಬಲಿತವು. ಮೊಟ್ಟೆಯಿಡುತ್ತವೆ; ಕೆಲವು ವಾರಗಳಲ್ಲಿ ಒಂದೂ ಕಾಣದಂತೆ ಮಾಯವಾಗುತ್ತವೆ. ಎಲ್ಲಿಂದ ಬಂದವು, ಎಲ್ಲಿಗೆ ಹೋದವು? ಆಳದ ನೀರಿನಲ್ಲಿ ವಾಸಿಸುವ ಇವು ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳಂತೆ ದಡದ ಆಳವಿಲ್ಲದ ನೀರಿಗೆ ವಲಸೆ ಬಂದು ಹಿಂದಿರುಗುತ್ತವೆ ಎಂಬುದು ಅನೇಕರ ನಂಬಿಕೆಯಾಗಿತ್ತು. ನಂಬಲು ಚೆನ್ನಾಗಿಯೇ ಇತ್ತು. ಆದರೆ ಆ ವಲಸೆಯನ್ನು ಕಂಡವರಿರಲಿಲ್ಲ.

ಇಂಗ್ಲೆಂಡಿನ ನೆಲ್ಲಿ ಈಲ್ಸ್ ಎಂಬ ವಿದುಷಿ ೧೯೨೧ರಲ್ಲಿ ಕಡಲ ಮೊಲದ ಮೇಲೆ ಒಂದು ಪೂರ್ಣ ಪ್ರಬಂಧವನ್ನೂ, ಸುಮಾರು ನಾಲ್ಕು ದಶಕಗಳ ಅನಂತರ ೧೯೬೦ರಲ್ಲಿ ಲೋಕದ ಎಲ್ಲ ಅಪ್ಲೀಸಿಯಾ ಜಾತಿಗಳ ಪರಿಷ್ಕೃತ ವಿವರಣೆಯನ್ನೂ ಪ್ರಕಟಿಸಿದರು. ಒಂದೇ ಪ್ರಾಣಿಯೊಡನೆ ಅಷ್ಟು ಕಾಲ ಬಾಳಿದ ನಿಷ್ಠೆ ನಮ್ಮ ನಿಘಂಟುಕಾರರನ್ನು ನೆನಪಿಗೆ ತರುತ್ತದೆ. ಅದೇ ೧೯೬೦ರಲ್ಲಿ ಮ್ಯಾನ್ ದ್ವೀಪದ ಸುತ್ತಣ ಕಡಲಿನ ಕಡಲ ಮೊಲಗಳ ಜೀವನಕ್ರಮವನ್ನು ಕುರಿತು ಮಿಲ್ಲರ್ ಎಂಬುವರ ಟಿಪ್ಪಣಿ ಹೊರಬಂತು. ಇಂಥ ಕೆಲಸದ ವಿಧಾನ ಸರಳ. ಒಂದೇ ಜಾಗಕ್ಕೆ ತಿಂಗಳು ತಿಂಗಳೂ ಹೋಗುವುದು, ಸಿಕ್ಕವನ್ನೆಲ್ಲ ಅಳೆಯುವುದು, ತೂಗುವುದು. ಹಾಗೆ ಮಾಡಿದಾಗ ವಲಸೆಯ ಕಥೆ ತಾನಾಗಿ ಕರಗಿತು. ಹೊಸದಾಗಿ ಬಂದವೆಂದು ತೋರಿದ ಬಲಿತ ಪ್ರಾಣಿಗಳು ಬಂದವಲ್ಲ, ಅಲ್ಲಿಯೇ ಬೆಳೆದವು. ಬೆರಳುಗುರಿನಷ್ಟಿದ್ದಾಗ ಕೆಂಪು ಪಾಚಿಯ ಎಸಳುಗಳ ನಡುವೆ ಅದೇ ಬಣ್ಣದಿಂದ ಅಡಗಿದ್ದವು. ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಬೆಳೆದಂತೆ ಬಣ್ಣ ಕಂದಾಗಿ, ಹಸಿರಾಗಿ, ಬಯಲಿಗೆ ಬಂದವು. ಮಾಯವಾದವು ಎಲ್ಲಿಗೂ ಹೋಗಲಿಲ್ಲ. ಮೊಟ್ಟೆಯಿಟ್ಟು ಸತ್ತವು. ಕಡಲ ಮೊಲದ ಆಯುಷ್ಯ ಸುಮಾರು ಒಂದು ವರ್ಷ. ನಮ್ಮ ರಾಗಿಯ ಪೈರಿನಂತೆ ಬಿತ್ತನೆಗೊಂದು ಕಾಲ, ತೆನೆಗೊಂದು ಕಾಲ, ಒಣಗುವುದಕ್ಕೊಂದು ಕಾಲ.

ಈ ಕಣ್ಣಿನ ಕೆಲಸಕ್ಕೆ ಆ ಶತಮಾನ ಒಂದು ದೊಡ್ಡ ಸಲಕರಣೆಯನ್ನೂ ಒದಗಿಸಿತ್ತು. ೧೯೪೩ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ ಇಬ್ಬರೂ ಸೇರಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರೊಳಗೆ ಸ್ವತಂತ್ರವಾಗಿ ಉಸಿರಾಡುವ ಸಾಧನವನ್ನು ಸಿದ್ಧಪಡಿಸಿದರು. ಅಲ್ಲಿಯವರೆಗೆ ಕಡಲತಳವನ್ನು ತಿಳಿಯುವುದೆಂದರೆ ಬಲೆ ಎಳೆದು ಬಂದದ್ದನ್ನು ನೋಡುವುದು. ಮೇಲಕ್ಕೆ ಬಂದ ಪ್ರಾಣಿ ತನ್ನ ಮನೆಯನ್ನು ಹೊತ್ತು ತರುವುದಿಲ್ಲ. ಈಗ ಮನುಷ್ಯನೇ ಅದರ ಮನೆಯಂಗಳಕ್ಕೆ ಇಳಿಯುವಂತಾಯಿತು. ಮುಳುಗಾಳು ಒಂದು ಬಂಡೆಯ ಗುರುತಿಟ್ಟುಕೊಂಡು ಅದೇ ಬಂಡೆಗೆ ಮತ್ತೆ ಮತ್ತೆ ಹೋಗಬಲ್ಲ. ಕಡಲ ಮೊಲವನ್ನು ಅರಿಯಲು ಇದಕ್ಕಿಂತ ಬೇರೆ ದಾರಿಯಿಲ್ಲ. ಒಂದು ದಿನದ ನೋಟದಲ್ಲಿ ಅದರ ವರ್ಷ ಕಾಣುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯ ತೀರದ ಜಾತಿಯನ್ನು ಹೀಗೆ ಅದರ ನೆಲೆಯಲ್ಲಿಯೇ ನೋಡಿದವರಿದ್ದಾರೆ. ೧೯೭೪ರಲ್ಲಿ ಕುಪ್‌ಫರ್‌ಮನ್ ಮತ್ತು ಕ್ಯಾರ್ಯೂ ಅದರ ದಿನಚರಿಯನ್ನು ಪ್ರಕಟಿಸಿದರು: ಹಗಲು ಮೇಯುತ್ತದೆ, ತಿರುಗುತ್ತದೆ, ರಾತ್ರಿ ವಿಶ್ರಮಿಸುತ್ತದೆ. ೧೯೭೯ರಲ್ಲಿ ತೆರೆಸಾ ಆಡೆಸಿರ್ಕ್ ಸಾಂತಾ ಕ್ಯಾಟಲಿನಾ ದ್ವೀಪದ ಬಳಿಯ ಕಡಲ ಮೊಲಗಳ ಬೆಳವಣಿಗೆಯನ್ನೂ ಸಂತಾನಕ್ರಮವನ್ನೂ ಬರೆದರು. ಅಲ್ಲಿಯೂ ಬಾಳು ಒಂದೇ ವರ್ಷದ್ದು. ನೀರು ಬಿಸಿಯಾಗುವ ಬೇಸಗೆಯಲ್ಲಿ ಅವು ಗುಂಪುಗೂಡುತ್ತವೆ. ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು; ಒಂದರ ಹಿಂದೆ ಒಂದು ಸರಪಣಿಯಾಗಿ ನಿಂತು, ಮುಂದಿನದಕ್ಕೆ ಗಂಡಾಗಿಯೂ ಹಿಂದಿನದಕ್ಕೆ ಹೆಣ್ಣಾಗಿಯೂ ಕೂಡುತ್ತವೆ. ನಮ್ಮ ಅರ್ಧನಾರೀಶ್ವರನ ಕಲ್ಪನೆ ಇಲ್ಲಿ ಸಾಲುಗಟ್ಟಿ ನಿಂತಿದೆ. ಆಮೇಲೆ ಶಾವಿಗೆಯಂಥ ಹಳದಿ ಎಳೆಗಳಲ್ಲಿ ಮೊಟ್ಟೆಗಳನ್ನು ಬಂಡೆಗೋ ಪಾಚಿಗೋ ಸುತ್ತುತ್ತವೆ. ಒಂದು ಇಟ್ಟ ಕಡೆ ಇನ್ನೊಂದು ಬಂದು ಇಡುತ್ತದೆ. ಆ ಎಳೆಗಳಿಂದ ನೀರಿಗೆ ಸೇರುವ ವಸ್ತುವೊಂದು ಇತರ ಕಡಲ ಮೊಲಗಳನ್ನು ಕರೆಯುತ್ತದೆ ಎಂಬುದು ೧೯೯೮ರಲ್ಲಿ ತಿಳಿಯಿತು.

ಮೊಟ್ಟೆಗಳ ಸಂಖ್ಯೆಯನ್ನು ಕೇಳಿದರೆ ತಲೆ ತಿರುಗುತ್ತದೆ. ೧೯೩೪ರಲ್ಲಿ ಮೆಕ್‌ಗಿನಿಟಿ ಎಂಬ ಪ್ರಾಣಿಶಾಸ್ತ್ರಜ್ಞರು ಒಂದೇ ಕಡಲ ಮೊಲ ಐದು ತಿಂಗಳಿಗೂ ಕಡಮೆ ಅವಧಿಯಲ್ಲಿ ಇಟ್ಟ ಮೊಟ್ಟೆಗಳನ್ನು ಲೆಕ್ಕಹಾಕಿ ಸುಮಾರು ೪೭ ಕೋಟಿ ೮೦ ಲಕ್ಷ ಎಂದರು. ಆದರೂ ಕಡಲು ಮೊಲಗಳಿಂದ ತುಂಬಿಲ್ಲ. ಒಡೆದು ಹೊರಬಂದ ಮರಿ ವಾರಗಟ್ಟಲೆ ನೀರಿನಲ್ಲಿ ತೇಲಬೇಕು, ಬಾಯಿಗಳು ಸಾವಿರ. ಉಳಿದದ್ದು ತಕ್ಕ ಪಾಚಿಯ ಮೇಲೆ ಇಳಿಯಬೇಕು. ೧೯೭೪ರಲ್ಲಿ ಕ್ರೀಗ್‌ಸ್ಟೀನ್ ಮೊದಲಾದವರು ಮೊಟ್ಟೆಯಿಂದ ಬಲಿತ ಪ್ರಾಣಿಯವರೆಗೆ ಪ್ರಯೋಗಶಾಲೆಯಲ್ಲಿ ಸಾಕಿ ತೋರಿಸಿದಾಗ, ಕ್ಯಾಲಿಫೋರ್ನಿಯದ ಮರಿ ಒಂದು ಬಗೆಯ ಕೆಂಪು ಪಾಚಿಯನ್ನು ಆರಿಸಿಕೊಂಡು ಅದರ ಮೇಲೆಯೇ ರೂಪ ಬದಲಿಸುವುದು ಕಂಡುಬಂತು.

ಆ ಕೆಂಪು ಪಾಚಿಯಲ್ಲಿಯೇ ಹಳೆಯ ಭಯದ ಬೀಗದಕೈ ಇತ್ತು. ನೇರಳೆ ಮಸಿಯ ಬಣ್ಣ ಪ್ರಾಣಿಯ ಸ್ವಂತದ್ದಲ್ಲ. ತಿಂದ ಕೆಂಪು ಪಾಚಿಯ ಬಣ್ಣವೇ ಮಾರ್ಪಟ್ಟು ಸಂಗ್ರಹವಾದದ್ದು. ಹಸಿರು ಪಾಚಿಯನ್ನಷ್ಟೇ ತಿನ್ನಿಸಿ ಸಾಕಿದರೆ ಆ ನೇರಳೆ ಮಸಿ ಇಲ್ಲವಾಗುತ್ತದೆ. ವಿಷದ ಕಥೆಯೂ ಹೀಗೆಯೇ. ೧೯೭೪ರಲ್ಲಿ ಕಾಟೋ ಮತ್ತು ಶೋಯರ್ ಒಂದು ಜಾತಿಯ ಕಡಲ ಮೊಲದಿಂದ ಬೇರ್ಪಡಿಸಿದ ಅಪ್ಲೀಸಿಯಾಟಾಕ್ಸಿನ್ ಎಂಬ ವಿಷ, ಅದು ಮೇಯುವ ನೀಲಿಹಸಿರು ಪಾಚಿಯಲ್ಲಿ ಹುಟ್ಟುವಂಥದು. ಅಂದಮೇಲೆ ಪ್ಲಿನಿ ಬರೆದದ್ದು ಪೂರ್ತಿ ಸುಳ್ಳಲ್ಲ. ಕೆಲವು ಕಡೆ, ಕೆಲವು ಕಾಲದಲ್ಲಿ, ಕೆಲವು ಪಾಚಿಯನ್ನು ತಿಂದ ಕಡಲ ಮೊಲದಲ್ಲಿ ವಿಷವುಂಟು. ಆದರೆ ಫಿಲಿಪ್ಪೀನ್ಸ್ ದ್ವೀಪಗಳ ಜನ ಡೊಲಬೆಲ್ಲಾ ಎಂಬ ದೊಡ್ಡ ಕಡಲ ಮೊಲದ ಮೊಟ್ಟೆಯ ಎಳೆಗಳನ್ನು ಲೂಕಟ್ ಎಂದು ಕರೆದು ಉಣ್ಣುತ್ತಾರೆ. ಕೆಲವು, ಎಂಬ ಒಂದು ಪದವನ್ನು ಬಿಟ್ಟದ್ದರಿಂದ ಸತ್ಯ ಸುಳ್ಳಾಯಿತು. ವದಂತಿ ಮಾಡುವ ಕೆಲಸ ಬಹುಮಟ್ಟಿಗೆ ಇದೇ ಅಲ್ಲವೇ?

ಈ ಡೊಲಬೆಲ್ಲಾ ಹಿಂದೂ ಮಹಾಸಾಗರದಲ್ಲಿಯೂ ಇದೆ. ಮೈ ಒರಟು, ಮೇಲೆಲ್ಲ ಕೂದಲಿನಂಥ ಸಣ್ಣ ಕುಚ್ಚುಗಳು. ಪ್ಲಿನಿ ಹೇಳಿದ ಭಾರತದ ಕಡಲ ಮೊಲ ಇದೇ ಇರಬಹುದೆಂದು ಊಹಿಸಿದವರುಂಟು. ಅಮೆರಿಕದ ರಸಾಯನಶಾಸ್ತ್ರಜ್ಞ ಪೆಟಿಟ್ ಹಿಂದೂ ಮಹಾಸಾಗರದ ಡೊಲಬೆಲ್ಲಾದಿಂದ ಡೊಲಸ್ಟಾಟಿನ್ ಎಂಬ ವಸ್ತುಗಳ ಮಾಲೆಯನ್ನು ಬೇರ್ಪಡಿಸಿದರು. ನೂರಾರು ಕಿಲೋ ಪ್ರಾಣಿಗಳಿಂದ ದೊರೆತದ್ದು ಕೆಲವೇ ಮಿಲಿಗ್ರಾಂ. ಅವುಗಳಲ್ಲಿ ಹತ್ತನೆಯದರ ರಚನೆ ೧೯೮೭ರಲ್ಲಿ ಪ್ರಕಟವಾಯಿತು. ಜೀವಕೋಶಗಳು ಒಡೆದು ಎರಡಾಗುವುದನ್ನು ತಡೆಯುವ ಉಗ್ರ ವಿಷ ಅದು. ಅದೂ ಮೂಲತಃ ನೀಲಿಹಸಿರು ಪಾಚಿಯದೇ ಎಂದು ೨೦೦೧ರಲ್ಲಿ ಗೊತ್ತಾಯಿತು. ಅದರ ಮಾದರಿಯಲ್ಲಿ ಕೃತಕವಾಗಿ ತಯಾರಿಸಿದ ವಸ್ತುವನ್ನು ಕ್ಯಾನ್ಸರ್ ಕೋಶಗಳನ್ನೇ ಹುಡುಕಿ ಅಂಟುವ ಪ್ರತಿಕಾಯಕ್ಕೆ ಪೋಣಿಸಿ ಮಾಡಿದ ಬ್ರೆಂಟುಕ್ಸಿಮಾಬ್ ವೆಡೋಟಿನ್ ಎಂಬ ಔಷಧಕ್ಕೆ ೨೦೧೧ರಲ್ಲಿ ಅಮೆರಿಕದ ಸರಕಾರ ಒಪ್ಪಿಗೆ ನೀಡಿತು. ಹಾಡ್ಕಿನ್ ಲಿಂಫೋಮಾ ಎಂಬ ರೋಗದಿಂದ ನರಳುವವರಿಗೆ ಅದು ಆಸರೆಯಾಗಿದೆ. ಸಮುದ್ರಮಥನದಲ್ಲಿ ಹಾಲಾಹಲ ಮೊದಲು, ಅಮೃತ ಆಮೇಲೆ. ಇಲ್ಲಿ ಎರಡೂ ಒಂದೇ ಪಾತ್ರೆಯಿಂದ ಬಂದವು. ನಡುವೆ ಎರಡು ಸಾವಿರ ವರ್ಷ ಕಾಯಬೇಕಾಯಿತು, ಅಷ್ಟೆ.

ಕಡಲ ಮೊಲ ಕಲಿಸಿದ ಇನ್ನೊಂದು ಪಾಠ ಇದಕ್ಕಿಂತ ದೊಡ್ಡದು. ಅದರ ನರಮಂಡಲದಲ್ಲಿರುವ ಕೋಶಗಳು ಸುಮಾರು ೨೦ ಸಾವಿರ ಮಾತ್ರ. ಅವುಗಳಲ್ಲಿ ಕೆಲವು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಫ್ರಾನ್ಸಿನಲ್ಲಿ ಆಂಜೆಲಿಕ್ ಅರ್ವಾನಿಟಾಕಿ ಎಂಬ ವಿದುಷಿ ಮೊದಲು ಈ ಸೌಕರ್ಯವನ್ನು ಗುರುತಿಸಿದವರಲ್ಲಿ ಒಬ್ಬರು. ೧೯೬೨ರಲ್ಲಿ ಎರಿಕ್ ಕ್ಯಾಂಡೆಲ್ ಎಂಬ ತರುಣ ವೈದ್ಯರು ಅಮೆರಿಕದಿಂದ ಪ್ಯಾರಿಸ್ಸಿಗೆ ಹೋಗಿ ಲಾದಿಸ್ಲಾವ್ ತೌಕ್ ಅವರ ಬಳಿ ಈ ಪ್ರಾಣಿಯ ಮೇಲೆ ಕೆಲಸ ಕಲಿತರು. ಕ್ಯಾಂಡೆಲ್ ೧೯೨೯ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಪಡೆ ಆ ನಗರವನ್ನು ಹೊಕ್ಕ ಮರುವರ್ಷ, ೧೯೩೯ರಲ್ಲಿ, ಒಂಬತ್ತರ ಹುಡುಗನಾಗಿ ದೇಶ ಬಿಟ್ಟವರು. ಒಂದು ಜನಾಂಗವನ್ನು ವಿಷವೆಂದು ಕರೆದ ವದಂತಿ ಏನು ಮಾಡಬಲ್ಲದೆಂಬುದನ್ನು ಅವರು ಬಾಲ್ಯದಲ್ಲಿಯೇ ಕಂಡಿದ್ದರು. ಆ ದಿನಗಳ ನೆನಪು ಅಷ್ಟು ಗಾಢವಾಗಿ ಉಳಿದದ್ದು ಹೇಗೆ ಎಂಬ ಪ್ರಶ್ನೆ ತಮ್ಮನ್ನು ನೆನಪಿನ ಅಧ್ಯಯನಕ್ಕೆ ಎಳೆಯಿತೆಂದು ಅವರೇ ಮುಂದೆ ಬರೆದಿದ್ದಾರೆ.

ನೆನಪೆಂದರೇನು ಎಂದು ಅವರು ಕೇಳಿದ್ದು ಕಡಲ ಮೊಲವನ್ನು. ಅದರ ನೀರುನಳಿಗೆಯನ್ನು ಮೆಲ್ಲಗೆ ಮುಟ್ಟಿದರೆ ಕಿವಿರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ ಅಪಾಯವಿಲ್ಲವೆಂದು ತಿಳಿದು ಸುಮ್ಮನಾಗುತ್ತದೆ. ಬಾಲಕ್ಕೆ ವಿದ್ಯುತ್ತಿನ ಪೆಟ್ಟು ಕೊಟ್ಟ ಮೇಲೆ ಮುಟ್ಟಿದರೆ ಬೆಚ್ಚಿ ಬಲವಾಗಿ ಎಳೆದುಕೊಳ್ಳುತ್ತದೆ. ಒಂದು ಪೆಟ್ಟಿನ ನೆನಪು ಕೆಲವು ನಿಮಿಷ. ಬಿಡುವು ಕೊಟ್ಟು ಹಲವು ದಿನ ಕೊಟ್ಟ ಪೆಟ್ಟಿನ ನೆನಪು ವಾರಗಳು. ನೆನಪು ದೀರ್ಘವಾದಾಗ ನರಕೋಶಗಳ ನಡುವೆ ಹೊಸ ಸಂಪರ್ಕಗಳೇ ಬೆಳೆಯುತ್ತವೆ ಎಂಬುದು ಈ ಪ್ರಾಣಿಯಿಂದ ತಿಳಿದುಬಂತು. ೨೦೦೦ದಲ್ಲಿ ಕ್ಯಾಂಡೆಲ್ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಬಿಡುವು ಕೊಟ್ಟು ಮತ್ತೆ ಮತ್ತೆ ಹೇಳಿಸಿದ ಮಗ್ಗಿ ಮರೆಯುವುದಿಲ್ಲವೆಂದು ನಮ್ಮ ಹಳೆಯ ಮಠದಯ್ಯಗಳು ಬಲ್ಲವರಾಗಿದ್ದರು; ಏಕೆ ಮರೆಯುವುದಿಲ್ಲವೆಂಬುದನ್ನು ಕಡಲ ಮೊಲ ಹೇಳಿತು.

ಹಿಂದಿರುಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರಾಣಿ ಅಂದು ಹೇಗಿತ್ತೋ ಇಂದೂ ಹಾಗೆಯೇ ಇದೆ. ಬದಲಾದದ್ದು ಅದರ ಬಳಿ ನಾವು ಕುಳಿತಿರುವ ಹೊತ್ತು. ಕೇಳಿ ಬರೆದವರಿಗೆ ಅದು ವಿಷವಾಯಿತು. ಒಮ್ಮೆ ಕೊಯ್ದು ನೋಡಿದವನಿಗೆ ಹನ್ನೆರಡು ಹಲ್ಲು ಕಂಡಿತು. ಒಂದೇ ಬಂಡೆಗೆ ವರ್ಷವಿಡೀ ಹೋದವರಿಗೆ ಅದರ ಹುಟ್ಟುಸಾವು ಕಂಡಿತು. ಒಂದು ಕಿವಿರಿನ ಮುಂದೆ ಬಾಳನ್ನೇ ಕಳೆದವರಿಗೆ ತಮ್ಮ ನೆನಪಿನ ಬೇರು ಕಂಡಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಕಾಣದೆಯೇ ಪ್ರಮಾಣ ಮಾಡುವವರ ನಡುವೆ, ಸಬ್ರಾಥಾದ ನ್ಯಾಯಸ್ಥಾನದಂಥ ಜಾಗಗಳಲ್ಲಿ, ಇಂದಿಗೂ ಎಷ್ಟೋ ನಿರಪರಾಧಿಗಳು ನಿಂತಿದ್ದಾರೆ. ಅವರೆಲ್ಲರೂ ಕಡಲಿನವರಲ್ಲ, ಎಲ್ಲರೂ ಮೊಲಗಳೂ ಅಲ್ಲ. ಆದರೆ ಅವರ ಮೇಲಿನ ಆರೋಪಪಟ್ಟಿಯನ್ನು ಓದುವಾಗ, ಮೊದಲ ಕೊಂಡಿಯನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ ಎಂದು ಒಮ್ಮೆ ಕೇಳುವುದು ಒಳ್ಳೆಯದು.